ನಡುಗೋಡೆಯ ಗುದ್ದು

ನನಗೆ ನಾಚಿಕೆಯಾದರೆ ಮುಖ ಕೆಂಪಾಗುವುದಿಲ್ಲ. ಕೆಂಪಾದರೂ ಅದು ಎದ್ದು ಕಾಣುವಂಥ ಬಣ್ಣ ನನ್ನದಲ್ಲ. ನನಗೆ ಬಿಸಿಯಾಗುವುದು ಕಿವಿ. ಸಣ್ಣವನಿದ್ದಾಗ ಶಾಲೆಯಲ್ಲಿ ಮಾಸ್ತರರು ಹಿಂಡಿ ಬಿಸಿ ಮಾಡುತ್ತಿದ್ದ ಅವೇ ಕಿವಿಗಳು ಈಗ ಯಾರ ಸಹಾಯವೂ ಇಲ್ಲದೆ ತಾವಾಗಿಯೇ ಬಿಸಿಯಾಗುತ್ತವೆ. ಕಚೇರಿಯಲ್ಲಿ ಮೇಲಿನವರೆದುರು ಸಣ್ಣಪುಟ್ಟ ಸುಳ್ಳು ಹೇಳುವಾಗ ಹಾಗಾಗುವುದಿಲ್ಲ, ಅದು ರೂಢಿಯಾಗಿಬಿಟ್ಟಿದೆ. ಬೀಗರ ಮನೆಯಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವಾಗ ತುಸು ಬೆಚ್ಚಗಾಗುತ್ತವೆ, ಅಷ್ಟೇ. ಆದರೆ ಈಚೆಗೆ ನಮ್ಮ ಪಡಸಾಲೆಯಲ್ಲಿ ಟಿ.ವಿ. ಪಕ್ಕದ ಗೋಡೆಯ ಕಡೆ ಕಣ್ಣು ಹಾಯಿಸಿದರೆ ಸಾಕು, ಎರಡೂ ಕಿವಿ ರೊಟ್ಟಿ ಹಂಚಿನ ಹಾಗೆ ಕಾಯುತ್ತವೆ. ಆ ಗೋಡೆಗೆ ಒರಗಿ ಒಂದು ಕಪ್ಪು ಡಬ್ಬಿ ಕೂತಿದೆ. ಸದ್ಯ ಅದರ ಮೇಲೆ ನನ್ನ ಹೆಂಡತಿ ಗಿರಿಜಾ ಕಸೂತಿಯ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದಾಳೆ. ಬಂದವರು ಅದನ್ನು ಸ್ಟೂಲು ಎಂದು ತಿಳಿಯುತ್ತಾರೆ. ಅದು ಸ್ಟೂಲಲ್ಲ, ಸಬ್ ವೂಫರ್. ಹೋಮ್ ಥಿಯೇಟರಿನ ಉಳಿದ ಸ್ಪೀಕರುಗಳು ಮಾತು, ಹಾಡು, ಹಕ್ಕಿಯ ಕೂಗು ಎಲ್ಲವನ್ನೂ ಕೇಳಿಸಿದರೆ ಇದು ಕೇಳಿಸುವುದು ಗುದ್ದು ಒಂದನ್ನೇ. ಸಿನಿಮಾದಲ್ಲಿ ಗುಡುಗು ಬಂದರೆ, ಬಾಗಿಲು ಬಿದ್ದರೆ, ಯಾರಾದರೂ ಯಾರಿಗಾದರೂ ಬಾರಿಸಿದರೆ ಅದು ನಮ್ಮ ಎದೆಗೇ ಬಂದು ಬಡಿಯಬೇಕು. ಅದಷ್ಟೇ ಅದರ ಕೆಲಸ.

ಡಬ್ಬಿಯ ಕಥೆಗಿಂತ ಮೊದಲು ಗೋಡೆಯ ಕಥೆ ಹೇಳಬೇಕು. ನಮ್ಮ ಮನೆ ಇರುವುದು ಇಳಕಲ್ಲಿನ ಹಳೆಯ ಓಣಿಯೊಂದರಲ್ಲಿ. ಇಲ್ಲಿ ಮನೆಗಳು ಒಂದರ ಹೆಗಲಿಗೆ ಇನ್ನೊಂದು ತಾಗಿ ನಿಂತಿವೆ. ನಮಗೂ ಪಕ್ಕದ ಈರಣ್ಣನಿಗೂ ನಡುವೆ ಇರುವುದು ಒಂದೇ ಗೋಡೆ. ಕಲ್ಲು ಮಣ್ಣಿನದು, ನನ್ನ ಅಜ್ಜ ಮತ್ತು ಅವನ ಅಜ್ಜ ಕೂಡಿ ಕಟ್ಟಿಸಿದ್ದು. ಈರಣ್ಣ ನೇಕಾರ. ಗೋಡೆಯ ಆ ಕಡೆ ಅವನ ಕುಣಿಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅವನು ಲಾಳಿ ಎಸೆಯುತ್ತಿದ್ದರೆ ಈ ಕಡೆ ನಮ್ಮ ಪಡಸಾಲೆಯಲ್ಲಿ ಧಡ್, ಧಡ್ ಎಂದು ಕೇಳುತ್ತದೆ. ನಾನು ಹುಟ್ಟಿದಾಗಿನಿಂದ ಕೇಳಿದ ಸಪ್ಪಳ ಅದು. ನಮ್ಮ ಮಗಳು ವಿದ್ಯಾ ಕೂಸಿದ್ದಾಗ ಮಗ್ಗ ನಡೆಯುತ್ತಿದ್ದರೆ ಮಾತ್ರ ಮಲಗುತ್ತಿದ್ದಳು. ಅಮಾವಾಸ್ಯೆಯ ದಿನ ಮಗ್ಗಕ್ಕೆ ಬಿಡುವು. ಅವತ್ತು ಅವಳು ಅಳುವುದು ನಿಲ್ಲಿಸುತ್ತಲೇ ಇರಲಿಲ್ಲ. ಆಗ ಈರಣ್ಣನ ಹೆಂಡತಿ ನೀಲವ್ವ ಬಂದು ಗೋಡೆಗೆ ಅಂಗೈಯಿಂದ ತಟ್ಟುತ್ತ ಕೂತು ಮಲಗಿಸುತ್ತಿದ್ದಳು.

ಅಂಥ ಸಪ್ಪಳ ನನಗೆ ಕಿರಿಕಿರಿಯಾಗತೊಡಗಿದ್ದು ಹುನಗುಂದದ ಕಚೇರಿಯಲ್ಲಿ ನನಗೆ ಬಡ್ತಿ ಸಿಕ್ಕು ಸೂಪರಿಂಟೆಂಡೆಂಟ್ ಆದ ಮೇಲೆ. ಬಡ್ತಿಯ ಜೊತೆಗೆ ಬರುವ ರೋಗಗಳಲ್ಲಿ ಇದೂ ಒಂದು. ಸಂಜೆ ಬಸ್ಸಿಳಿದು ಬಂದು, ಚಹಾ ಹಿಡಿದು ಟಿ.ವಿ. ಹಚ್ಚಿದರೆ ಸುದ್ದಿಯ ಚರ್ಚೆಯಲ್ಲಿ ಎಂಟು ಜನ ಒಟ್ಟಿಗೇ ಕೂಗುತ್ತಿರುತ್ತಾರೆ. ಅವರಲ್ಲಿ ಯಾರು ಏನು ಕೂಗಿದರು ಎಂಬುದು ಈರಣ್ಣನ ಮಗ್ಗದಿಂದಾಗಿ ನನಗೆ ತಿಳಿಯುತ್ತಿರಲಿಲ್ಲ. ಮಗ್ಗ ಇಲ್ಲದಿದ್ದರೂ ತಿಳಿಯುತ್ತಿರಲಿಲ್ಲ ಎಂಬುದು ಬೇರೆ ಮಾತು. ಒಂದು ದಿನ ಈರಣ್ಣನನ್ನು ಕರೆದು ಚಹಾ ಕುಡಿಸಿ, "ನೋಡು ಈರಣ್ಣ, ದಿನಪೂರ್ತಿ ದುಡೀತಿ. ಸಂಜಿಕರೆ ಒಂದೀಟು ಮೈಗೆ ಆರಾಮ ಬೇಕಿಲ್ಲೇನು? ನಾ ಮನಿಗೆ ಬಂದ ಮ್ಯಾಲ ಗ್ವಾಡಿಗೆ ಎರಡು ಗುದ್ದು ಗುದ್ದತೇನಿ. ಅಷ್ಟೊತ್ತಿಗೆ ನೀ ಮಗ್ಗ ನಿಲ್ಲಿಸಿಬಿಡು" ಎಂದೆ. ಅವನ ಆರೋಗ್ಯದ ಬಗ್ಗೆ ನನಗಿದ್ದ ಕಾಳಜಿಯನ್ನು ನೀವು ಗಮನಿಸಬೇಕು. ಈರಣ್ಣ ಚಹಾದ ಬಸಿ ಕೆಳಗಿಟ್ಟು, "ಆತ್ರಿ ಸಾಹೇಬ್ರ" ಎಂದು ಹೋದ. ಅಂದಿನಿಂದ ನಾನು ಗೋಡೆಗೆ ಎರಡು ಗುದ್ದು ಹಾಕಿದರೆ ಆ ಕಡೆ ಮಗ್ಗ ನಿಲ್ಲುತ್ತಿತ್ತು. ಮರುದಿನ ಕಚೇರಿಯಲ್ಲಿ ಇದನ್ನು ಎಲ್ಲರಿಗೂ ಹೇಳಿ, ಆಡಳಿತ ಎಂದರೆ ಹೀಗಿರಬೇಕು ಎಂದು ಮೀಸೆ ತಿರುವಿದ್ದೆ.

ವಿದ್ಯಾಳನ್ನು ಬಾಗಲಕೋಟೆಯ ನವನಗರಕ್ಕೆ ಕೊಟ್ಟೆವು. ಅವಳು ಬಸುರಿ ಎಂದು ತಿಳಿದು ನಾನೂ ಗಿರಿಜಾಳೂ ಬುತ್ತಿ ಕಟ್ಟಿಕೊಂಡು ಮಾತಾಡಿಸಲು ಹೋದಾಗ ನಮ್ಮ ಬೀಗರು, ಎಂದರೆ ಅಳಿಯನ ತಂದೆ, ಹೊಸದಾಗಿ ತಂದಿದ್ದ ಹೋಮ್ ಥಿಯೇಟರ್ ತೋರಿಸಿದರು. ಅವರು ಅಣೆಕಟ್ಟಿನ ನೀರಿನಲ್ಲಿ ಮುಳುಗಡೆಯಾದ ಹಳೆಯ ಊರಿನಿಂದ ಎದ್ದು ಬಂದವರು, ನವನಗರದಲ್ಲಿ ಅಗಲವಾದ ಜಾಗದಲ್ಲಿ ನಾಲ್ಕೂ ಕಡೆ ಗಾಳಿ ಆಡುವ ಮನೆ ಕಟ್ಟಿದ್ದಾರೆ. ನನ್ನ ಕೈಗೆ ಚಹಾದ ಕಪ್ಪು ಕೊಟ್ಟು, "ಬೀಗರ, ಕಪ್ಪಿನ್ಯಾಗ ನೋಡಕೋತ ಕುಂದ್ರಿ" ಎಂದು ಒಂದು ಯುದ್ಧದ ಸಿನಿಮಾ ಹಾಕಿದರು. ಮೊದಲ ತೋಪು ಹಾರಿದಾಗ ಚಹಾದಲ್ಲಿ ತೆರೆ ಎದ್ದವು. ಎರಡನೆಯದಕ್ಕೆ ಅರ್ಧ ಚಹಾ ನನ್ನ ಹೊಸ ಪ್ಯಾಂಟಿನ ಮೇಲಿತ್ತು. "ಹತ್ತು ಇಂಚಿಂದು ಐತ್ರಿ ಸಬ್ ವೂಫರ್" ಎಂದು ಬೀಗರು ಡಬ್ಬಿಯ ತಲೆ ಸವರಿದರು. ನನ್ನ ಎದೆಯೊಳಗೆ ಅವತ್ತು ಬಿದ್ದ ಗುದ್ದು ತೋಪಿನದಲ್ಲ. ವಿದ್ಯಾಳ ಕುಬಸ, ಎಂದರೆ ಸೀಮಂತ, ನಮ್ಮ ಮನೆಯಲ್ಲೇ ಮಾಡುವುದೆಂದು ಅದೇ ಊಟದ ಹೊತ್ತಿಗೆ ತೀರ್ಮಾನವಾಗಿತ್ತು. ಬೀಗರು ಬರುತ್ತಾರೆ, ನಮ್ಮ ಪಡಸಾಲೆಯಲ್ಲಿ ಕೂಡುತ್ತಾರೆ, ನಮ್ಮ ಟಿ.ವಿ.ಯ ಸೊಳ್ಳೆಯಂಥ ದನಿ ಕೇಳುತ್ತಾರೆ ಎಂಬುದನ್ನು ನೆನೆಸಿಕೊಂಡು ನನಗೆ ಕೊನೆಯ ಹೋಳಿಗೆ ಇಳಿಯಲಿಲ್ಲ.

ವಿದ್ಯಾಳ ಚಿಂತೆ ಬೇರೆ ಇತ್ತು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪಾ, ಕುಬಸಕ್ಕ ಹಸರ ಸೀರಿ ಈರಣ್ಣ ಕಾಕಾನ ಮಗ್ಗದ್ದೇ ಬೇಕು. ಅಂಗಡ್ಯಾಗಿಂದು ತಂದ್ರ ನಾ ಉಡೂದಿಲ್ಲ, ನೋಡು ಮತ್ತ" ಎಂದಳು. ಇಳಕಲ್ಲಿನಲ್ಲಿ ಸೀರೆಗೆ ಬರವೇನಿಲ್ಲ, ಹೆಜ್ಜೆಗೊಂದು ಅಂಗಡಿ ಇದೆ. ಆದರೆ ಅವಳಿಗೆ ತನ್ನನ್ನು ಮಲಗಿಸಿದ ಮಗ್ಗದ ಸೀರೆಯನ್ನೇ ಉಟ್ಟು ಉಡಿ ತುಂಬಿಸಿಕೊಳ್ಳುವ ಆಸೆ. ಮಗಳು ನನ್ನನ್ನು ಕೇಳಿದ್ದು ಅದೊಂದನ್ನೇ. ಊರಿಗೆ ಬಂದ ದಿನವೇ ಈರಣ್ಣನಿಗೆ ಹೇಳಿದೆ. ಹಸಿರು ಮೈ, ಕೆಂಪು ಸೆರಗು. ಅವನು ಸಂತೋಷದಿಂದ ಒಪ್ಪಿಕೊಂಡ. ಸೀರೆಯ ಜವಾಬ್ದಾರಿ ಮುಗಿಯಿತೆಂದು ನಾನು ಸಬ್ ವೂಫರಿನ ಚಿಂತೆಗೆ ಬಿದ್ದೆ.

ಬಾಗಲಕೋಟೆಯ ಅಂಗಡಿಯವನು ಮೊದಲು ಕೇಳಿದ್ದು, "ನಿಮ್ಮ ಹಾಲ್ ಎಷ್ಟು ದೊಡ್ಡದೈತ್ರಿ?" ಎಂದು. ನಮ್ಮದು ಹಾಲ್ ಅಲ್ಲ, ಪಡಸಾಲೆ. ಸೋಫಾ ಹಾಕಿದ ಮೇಲೆ ಉಳಿದ ಜಾಗದಲ್ಲಿ ಇಬ್ಬರು ಎದುರು ಬದುರು ಬಂದರೆ ಒಬ್ಬರು ಅಡ್ಡ ತಿರುಗಬೇಕು. ಆದರೂ ಬೀಗರ ಮನೆಯ ಹಾಲಿನ ಅಳತೆಯನ್ನೇ ನಮ್ಮದೆಂದು ಹೇಳಿದೆ. "ಅಷ್ಟ ದೊಡ್ಡದಿದ್ರೂ ಹತ್ತು ಇಂಚಿಂದು ಸಾಕ್ರಿ" ಎಂದ ಅವನು. ಹತ್ತು ಎಂಬ ಅಂಕಿ ಕೇಳಿದೊಡನೆ ನನ್ನ ಕಣ್ಣ ಮುಂದೆ ಬೀಗರು ಡಬ್ಬಿಯ ತಲೆ ಸವರಿದಂತಾಯಿತು. ಹನ್ನೆರಡು ಇಂಚಿನದನ್ನೇ ಕಟ್ಟಿಸಿದೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಪಕ್ಕದವರು ಅದು ಹಿಟ್ಟಿನ ಗಿರಣಿಯೇ, ಹೊಲಿಗೆ ಯಂತ್ರವೇ ಎಂದು ಕೇಳಿದರು. ಎರಡಕ್ಕೂ ಹೂಂ ಎಂದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಕರದಂಟು ಕೊಂಡೆ. ಗಿರಿಜಾಳಿಗೆ ಏನಾದರೂ ದೊಡ್ಡದನ್ನು ತೋರಿಸುವ ಮೊದಲು ಸಿಹಿ ಕೊಡುವುದು ನಾನು ಮದುವೆಯಾದಾಗಿನಿಂದ ನಡೆಸಿಕೊಂಡು ಬಂದ ಪದ್ಧತಿ. ಅವಳಿಗೂ ಗೊತ್ತು. ಕರದಂಟಿನ ಪೊಟ್ಟಣ ನೋಡುತ್ತಲೇ, "ಏನ ತಂದೀರಿ, ಮೊದಲು ಅದನ್ನ ತೋರಿಸ್ರಿ" ಎಂದಳು.

ಸಬ್ ವೂಫರ್ ತರುವುದು ಸುಲಭ, ಇಡುವುದು ಕಷ್ಟ. ಮೊದಲು ಅಡುಗೆಮನೆಯ ಕಡೆಯ ಗೋಡೆಗೆ ಇಟ್ಟೆ. ಸಿನಿಮಾದಲ್ಲಿ ಕುದುರೆಗಳು ಓಡಿದ್ದೇ ತಡ, ಒಳಗೆ ಹಲಗೆಯ ಮೇಲಿನ ಚರಿಗೆ, ತಟ್ಟೆ, ಲೋಟಗಳೆಲ್ಲ ಕುದುರೆಗಳ ಜೊತೆ ಹೊರಟವು. ಬೀದಿಯ ಕಿಟಕಿಯ ಕೆಳಗೆ ಇಟ್ಟರೆ ಓಣಿಯ ನಾಯಿಗಳು ಪ್ರತಿ ಗುದ್ದಿಗೂ ಉತ್ತರ ಕೊಡತೊಡಗಿದವು. ಮೂಲೆಯಲ್ಲಿ ಇಡೋಣವೆಂದರೆ ಅಲ್ಲಿ ಜೋಳದ ಚೀಲಗಳು. "ಜ್ವಾಳ ಎಲ್ಲಿ ಇಡ್ಲಿ? ನಿಮ್ಮ ತಲಿ ಮ್ಯಾಲ ಇಡ್ಲ್ಯಾ?" ಎಂದು ಗಿರಿಜಾ ಕೇಳಿದಳು. ಕೊನೆಗೆ ಮೊಬೈಲಿನಲ್ಲಿ ಒಂದು ವಿಡಿಯೊ ಸಿಕ್ಕಿತು. ಅದರಲ್ಲಿ ಒಬ್ಬ ತಿಳಿದವನು ಹೇಳಿದ್ದು ಇಷ್ಟು: ಡಬ್ಬಿಯನ್ನು ನೀವು ಕೂಡುವ ಸೋಫಾದ ಮೇಲೆ ಇಡಿ, ಒಂದು ಹಾಡು ಹಚ್ಚಿ. ನೀವು ನೆಲದ ಮೇಲೆ ಅಂಬೆಗಾಲಿಕ್ಕಿ ಗೋಡೆಯ ಗುಂಟ ಹೋಗಿ. ಎಲ್ಲಿ ಗುದ್ದು ತುಂಬಾ ಚೆನ್ನಾಗಿ ಕೇಳಿಸುತ್ತದೋ ಅದೇ ಡಬ್ಬಿ ಇಡುವ ಜಾಗ. ನನಗೆ ಇದು ಬಹಳ ಶಾಸ್ತ್ರೀಯವಾಗಿ ಕಂಡಿತು. ಭಾನುವಾರ ಸಂಜೆ ಬನಿಯನ್ನು ಲುಂಗಿಯಲ್ಲಿ, ಡಬ್ಬಿಯನ್ನು ಮದುಮಗನ ಹಾಗೆ ಸೋಫಾದ ಮೇಲೆ ಕೂಡಿಸಿ, ನಾನು ಮೊಣಕಾಲೂರಿದೆ. ಅಂಬೆಗಾಲಿಕ್ಕುವುದು ಮಕ್ಕಳಿಗೆ ಹೇಗೆ ಸಾಧ್ಯವಾಗುತ್ತದೋ ತಿಳಿಯದು. ನನಗಂತೂ ಲುಂಗಿ ಒಂದು ಕಡೆ, ನಾನು ಒಂದು ಕಡೆ. ಗೋಡೆಯಿಂದ ಗೋಡೆಗೆ ಕಿವಿ ಹಚ್ಚುತ್ತ ಹೋಗಿ ಈರಣ್ಣನ ನಡುಗೋಡೆಗೆ ಬಂದಾಗ ಗುದ್ದು ಎಷ್ಟು ತುಂಬಿಕೊಂಡು ಕೇಳಿಸಿತೆಂದರೆ, ಹಾಡು ಮುಗಿದ ಮೇಲೂ ನಾನು ಅಲ್ಲೇ ಕಣ್ಣು ಮುಚ್ಚಿ, ಗೋಡೆಗೆ ಕಿವಿ ಅಂಟಿಸಿ ಕೂತುಬಿಟ್ಟೆ.

ಕಣ್ಣು ತೆರೆದಾಗ ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಸೆರಗಿನ ಕೆಂಪು ಎಷ್ಟು ಗಾಢ ಇರಬೇಕೆಂದು ಗಿರಿಜಾಳನ್ನು ಕೇಳಲು ರೇಷ್ಮೆಯ ಲಡಿ ಹಿಡಿದು ಬಂದಿದ್ದಳು. ನನ್ನನ್ನು ನೋಡಿದಳು, ನನ್ನ ಕಿವಿ ಅಂಟಿದ್ದ ಗೋಡೆಯನ್ನು ನೋಡಿದಳು, ಆಮೇಲೆ ಸೆರಗು ಸರಿಮಾಡಿಕೊಂಡು, "ಅಕ್ಕಾರ ಇಲ್ಲೇನ್ರಿ? ಆಮ್ಯಾಲ ಬರತೇನಿ ತಗೋರಿ" ಎಂದು ಹೊರಟುಹೋದಳು. ನನಗೆ ಲುಂಗಿಯ ಬಗ್ಗೆ ಮಾತ್ರ ನಾಚಿಕೆಯಾಯಿತು. ಅವಳು ಏನು ನೋಡಿಕೊಂಡು ಹೋದಳು ಎಂಬ ಯೋಚನೆ ನನಗೆ ಬರಲೇ ಇಲ್ಲ.

ಡಬ್ಬಿ ನಡುಗೋಡೆಗೆ ಹತ್ತಿ ಕೂತಿತು. ಮುಂದಿನ ದಿನಗಳು ನನ್ನ ಪಾಲಿಗೆ ಸುಗ್ಗಿ. ಸಂಜೆ ಬಂದವನೇ ಎರಡು ರಿಮೋಟು ಹಿಡಿದು ಕೂತರೆ ಊಟದವರೆಗೂ ಗುಡುಗು ಸಿಡಿಲು. ಗಿರಿಜಾಳಿಗೆ ಎರಡು ರಿಮೋಟಿನ ಲೆಕ್ಕ ಹತ್ತಿರಲಿಲ್ಲ, ಹಾಗಾಗಿ ಅವಳ ಧಾರಾವಾಹಿಯನ್ನೂ ನಾನೇ ಹಚ್ಚಿ ಕೊಡುತ್ತಿದ್ದೆ. ಆ ಧಾರಾವಾಹಿಯಲ್ಲಿ ಒಬ್ಬ ಅತ್ತೆ ಇದ್ದಾಳೆ. ಅವಳು ಮುಖ ತಿರುಗಿಸಿದಾಗಲೆಲ್ಲ ಧಡ್ ಧಡ್ ಧಡ್ ಎಂದು ಬಾರಿಸುತ್ತಾರೆ. ಅವಳು ಮುಖ ನೆಟ್ಟಗೆ ಇಟ್ಟುಕೊಂಡಿದ್ದನ್ನು ನಾನು ನೋಡಿಲ್ಲ. ಈ ನಡುವೆ ಒಂದು ವಿಶೇಷ ಗಮನಕ್ಕೆ ಬಂತು. ನನಗೀಗ ಗೋಡೆಗೆ ಗುದ್ದುವ ಅಗತ್ಯವೇ ಬೀಳುತ್ತಿರಲಿಲ್ಲ, ಈರಣ್ಣನ ಮಗ್ಗ ಕೇಳಿಸುತ್ತಲೇ ಇರಲಿಲ್ಲ. "ನೋಡಿದ್ಯಾ? ಸಬ್ ವೂಫರ್ ಬಂದ ಮ್ಯಾಲ ಮಗ್ಗದ ಸಪ್ಪಳ ನುಂಗಿಬಿಡ್ತು" ಎಂದು ಗಿರಿಜಾಳಿಗೆ ಹೆಮ್ಮೆಯಿಂದ ಹೇಳಿದೆ. ಅವಳು ಅತ್ತೆಯ ಮುಖದಿಂದ ಕಣ್ಣು ತೆಗೆಯದೆ ಹೂಂಗುಟ್ಟಿದಳು.

ಕುಬಸ ಹತ್ತಿರ ಬಂತು. ವಿದ್ಯಾ ದಿನಾ ಫೋನು ಮಾಡಿ, "ಸೀರಿ ಎಲ್ಲಿಗೆ ಬಂತು?" ಎಂದು ಕೇಳತೊಡಗಿದಳು. ನಾನು ಓಣಿಯಲ್ಲಿ ಈರಣ್ಣನನ್ನು ಕಂಡಾಗ ಕೇಳಿದರೆ ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ನೋಡೂಣ್ರಿ ಸಾಹೇಬ್ರ, ಆದಷ್ಟು ಮಾಡತೇನಿ" ಎನ್ನುತ್ತಿದ್ದ. ಆ ನೋಟದಲ್ಲಿ ಏನೋ ಇತ್ತು. ನಾನದನ್ನು ಸೋಮಾರಿತನ ಎಂದು ಓದಿದೆ. ಕಚೇರಿಯಲ್ಲಿ ಬೇರೆಯವರ ಮುಖದಲ್ಲಿ ನಾನು ಸಾಮಾನ್ಯವಾಗಿ ಓದುವುದು ಅದನ್ನೇ. ಒಂದು ಸಂಜೆ ವಿದ್ಯಾ ಫೋನಿನಲ್ಲಿ, "ಆಗೂದಿಲ್ಲ ಅಂದ್ರ ಹೇಳಿಬಿಡು ಅಪ್ಪಾ, ನಾ ಹಳೇ ಸೀರಿನೇ ಉಡತೇನಿ" ಎಂದು ಸಣ್ಣ ದನಿಯಲ್ಲಿ ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ಗಿರಿಜಾಳಿಗೆ ಧಾರಾವಾಹಿ ಹಚ್ಚಿ ಕೊಟ್ಟು, ಈರಣ್ಣನಿಗೆ ನಾಲ್ಕು ಮಾತು ಹೇಳಿಯೇ ಬರುತ್ತೇನೆಂದು ಚಪ್ಪಲಿ ಮೆಟ್ಟಿದೆ.

ಬಹಳ ದಿನಗಳ ಮೇಲೆ ನಾನು ಆ ಮನೆಗೆ ಕಾಲಿಟ್ಟಿದ್ದು. ಈರಣ್ಣ ಮಗ್ಗದ ಕುಣಿಯಲ್ಲಿದ್ದ. ಅವನ ತಾಯಿ ಗಂಗವ್ವ ಮೂಲೆಯಲ್ಲಿ ನೂಲು ಸುತ್ತುತ್ತಿದ್ದಳು. ಮಗ್ಗದ ಮೇಲೆ ಹಸಿರು ಸೀರೆ ಅರ್ಧಕ್ಕೂ ಬಂದಿರಲಿಲ್ಲ. ನೀಲವ್ವ ಚಾಪೆ ಹಾಸಿ ಕೂಡಿಸಿದಳು, ಚಹಾಕ್ಕೆ ಇಟ್ಟಳು. ನಾನು ಗಂಟಲು ಸರಿಮಾಡಿಕೊಂಡು, "ಏನಪಾ ಈರಣ್ಣ, ಕುಬಸ ಬಂದು ಮನಿ ಮುಂದ ನಿಂತೈತಿ, ಸೀರಿ ಮಗ್ಗದ ಮ್ಯಾಲೇ ಐತಿ. ಇದು ಹಿಂಗ ಆದ್ರ..." ಎಂದು ಶುರುಮಾಡಿದ್ದೆ. ಅಷ್ಟರಲ್ಲಿ ನನ್ನ ಬೆನ್ನಿಗಿದ್ದ ಗೋಡೆ ಧಡ್ ಧಡ್ ಧಡ್ ಎಂದಿತು.

ಈರಣ್ಣನ ಕೈ ತಟ್ಟನೆ ನಿಂತಿತು. ಲಾಳಿಯನ್ನು ಪಕ್ಕಕ್ಕಿಟ್ಟು, ಕುಣಿಯ ಅಂಚಿಗೆ ಅಂಗೈ ಊರಿ ಮೇಲೆದ್ದ. ಅದು ದಿನದ ರೂಢಿಯ ಹಾಗೆ ಎಷ್ಟು ಸರಾಗವಾಗಿ ನಡೆಯಿತೆಂದರೆ ನನಗೆ ಮೊದಲು ಏನೂ ಹೊಳೆಯಲಿಲ್ಲ. ಅರ್ಧ ಎದ್ದವನು ನನ್ನನ್ನು ನೋಡಿ ಹಾಗೆಯೇ ನಿಂತ. ಗೋಡೆ ನೋಡಿದ. ಮತ್ತೆ ನನ್ನನ್ನು ನೋಡಿದ.

"ಸಾಹೇಬ್ರ, ನೀವು ಇಲ್ಲೇ ಕುಂತೀರಿ. ಮತ್ತ ಗುದ್ದಾಕತ್ತವ್ರು ಯಾರ್ರೀ?"

ಮೂಲೆಯಿಂದ ಗಂಗವ್ವ ನೂಲು ಬಿಡದೆ, "ಸಾಹೇಬ್ರು ಬಂದಾರ, ಸಿಟ್ಟು ಮನ್ಯಾಗ ಬಿಟ್ಟು ಬಂದಾರ" ಎಂದಳು.

ಗೋಡೆ ಮತ್ತೆ ಧಡ್ ಎಂದಿತು. ನಮ್ಮ ಮನೆಯಲ್ಲಿ ಅತ್ತೆ ಮುಖ ತಿರುಗಿಸಿದ್ದಳು. ಕಲ್ಲು ಮಣ್ಣಿನ ಗೋಡೆ ಮಾತು, ಹಾಡು, ಅಳು ಎಲ್ಲವನ್ನೂ ಆ ಕಡೆಯೇ ಇಟ್ಟುಕೊಂಡು ಗುದ್ದನ್ನು ಮಾತ್ರ ಈ ಕಡೆ ಬಿಡುತ್ತಿತ್ತು. ಗುದ್ದು ಕೇಳಿದರೆ ಈ ಮನೆಯಲ್ಲಿ ಒಂದೇ ಅರ್ಥ, ಅದನ್ನು ಕಲಿಸಿಕೊಟ್ಟವನು ನಾನೇ. ನೀಲವ್ವ ಚಹಾ ತಂದಿಟ್ಟು ಮೆಲ್ಲಗೆ, "ಗುದ್ದು ಭಾಳ ಜೋರಾಗ್ಯಾವ್ರಿ ಇತ್ತಿತ್ಲಾಗ. ಹೊತ್ತು ಮುಳುಗೂದ್ರಾಗ ಶುರು ಆದ್ರ ಊಟದ ತನಕ ನಿಲ್ಲೂದಿಲ್ಲ, ಮೊದಲಿನಂಗ ಒಂದೀಟು ಹೊತ್ತು ಬಿಟ್ಟು ಮತ್ತ ಮಗ್ಗಕ್ಕ ಕುಂದ್ರಾಕ ಆಗವಲ್ದು. ನೀವು ಅವತ್ತ ಗ್ವಾಡಿಗೆ ಕಿವಿ ಹಚ್ಚಿ ಕುಂತಿದ್ರಲ್ರಿ, ಅವಾಗಿಂದ ಇವರಿಗೆ ಅಂಜಿಕಿ ಹತ್ತಿಬಿಟ್ಟೈತಿ. ಕದ್ದು ಮಗ್ಗ ಹೊಡೀತೇವೇನಂತ ಸಾಹೇಬ್ರು ಕೇಳಾಕತ್ತಾರ ಅಂತ" ಎಂದಳು. ಎರಡೂ ಕಿವಿ ಕುದಿಯತೊಡಗಿದವು. ನನ್ನ ಮಗಳ ಸೀರೆಯನ್ನು ದಿನಾ ಸಂಜೆ ನಾನೇ ನಿಲ್ಲಿಸುತ್ತ ಬಂದಿದ್ದೆ. ನಿಲ್ಲಿಸಿದ್ದೂ ಅಲ್ಲದೆ ಯಾಕೆ ನಿಂತಿತೆಂದು ಕೇಳಲು ಬಂದು ಚಾಪೆಯ ಮೇಲೆ ಕೂತಿದ್ದೆ.

ಇಂಥ ಹೊತ್ತಿನಲ್ಲಿ ದೊಡ್ಡ ಮನುಷ್ಯನಾದವನು ಎದ್ದು ನಿಂತು ತಪ್ಪಾಯಿತು ಎನ್ನುತ್ತಾನೆ. ನಾನು ಚಹಾ ಊದಿಕೊಳ್ಳುತ್ತ, "ಅದಾ? ಅದು ಗಿರಿಜಾ ಖಾರ ಕುಟ್ಟಾಕತ್ತಾಳ. ಕುಬಸದ ಅಡಗಿಗೆ" ಎಂದೆ.

"ಹಂಗಾರ ಅದು ನಮಗಲ್ಲೇನ್ರಿ?" ಎಂದ ಈರಣ್ಣ.

"ನಿಮಗಲ್ಲ, ನಿಮಗಲ್ಲ" ಎಂದೆ. ಅವನು ಕುಣಿಯಲ್ಲಿ ಇಳಿದು ಕೂತ, ಆದರೂ ಪ್ರತಿ ಗುದ್ದಿಗೂ ಅವನ ಕೈ ಒಂದು ಕ್ಷಣ ಅಳುಕುತ್ತಿತ್ತು. ಬಿಸಿ ಚಹಾವನ್ನು ನೀರಿನ ಹಾಗೆ ಕುಡಿದು ಮನೆಗೆ ಓಡಿ ಬಂದೆ.

ಮರುದಿನ ಬೆಳಗ್ಗೆ ನಾನು ಹುನಗುಂದದ ಬಸ್ಸಿಗೆ ಹೊರಟಿದ್ದೆ. ನೀಲವ್ವ ಹೆಗಲ ಮೇಲೆ ಒನಕೆ ಹೊತ್ತು ಬಂದಳು, ಹಿಂದೆ ಓಣಿಯ ಇನ್ನಿಬ್ಬರು ಹೆಂಗಸರು. ನಮ್ಮ ಕಡೆ ಶುಭಕಾರ್ಯಕ್ಕೆ ಖಾರ ಕುಟ್ಟುವುದೆಂದರೆ ಓಣಿಯೆಲ್ಲ ಕೂಡಿ ಮಾಡುವ ಕೆಲಸ, ಒಬ್ಬರೇ ಕುಟ್ಟಿಕೊಂಡರೆ ಉಳಿದವರಿಗೆ ಅವಮಾನ. "ಏನ್ರಿ ಅಕ್ಕಾರ, ದಿನಾ ಸಂಜಿಕ ಒಬ್ಬರ ಕುಟ್ಟಾಕತ್ತೀರಂತ. ನಾವೇನು ಸತ್ತೇವೇನ್ರಿ? ಎಲ್ಲೈತಿ ಒಳಕಲ್ಲು?" ಎಂದಳು ನೀಲವ್ವ, ನಿಜವಾಗಿಯೂ ನೊಂದ ದನಿಯಲ್ಲಿ. ಗಿರಿಜಾಳಿಗೆ ತಲೆಬುಡ ತಿಳಿಯಲಿಲ್ಲ. "ಖಾರ ಯಾರು ಕುಟ್ಟ್ಯಾರವಾ? ನಾವು ಹೋದವರ್ಷದಿಂದ ಗಿರಣಿಗೆ ಹಾಕಸ್ತೇವಿ" ಎಂದಳು. ಹೇಳಿ ಮುಗಿಸುವಷ್ಟರಲ್ಲೇ ಅವಳ ಕಣ್ಣು ನನ್ನ ಕಿವಿಯ ಮೇಲೆ ಬಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನ ಮುಖ ನೋಡುವುದನ್ನು ಎಂದೋ ಬಿಟ್ಟಿದ್ದಾಳೆ, ಕಿವಿಯನ್ನು ನೋಡಿದರೆ ಅವಳಿಗೆ ಎಲ್ಲ ತಿಳಿಯುತ್ತದೆ.

ಆ ಹೆಂಗಸರನ್ನು ಕೂಡಿಸಿ ಕರದಂಟು ಕೊಟ್ಟಳು. ನನ್ನನ್ನು ಅಡುಗೆಮನೆಗೆ ಕರೆದು ಇಡೀ ಕಥೆ ಹೊರಡಿಸಿದಳು. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಹುಡುಗಿ ಒಂದು ಸೀರಿ ಬೇಡಿದ್ಲು. ಇವತ್ತ ಬಸ್ಸು ಹೋದ್ರ ಹೋಗ್ಲಿ. ಈರಣ್ಣನ್ನ ಕರಕೊಂಡು ಬರ್ರಿ, ನಿಮ್ಮ ಬಾಯಿಲೇ ಹೇಳ್ರಿ" ಎಂದಳು ಅಷ್ಟೇ.

ಈರಣ್ಣ ತಾಯಿಯ ಕೈ ಹಿಡಿದುಕೊಂಡು ಬಂದ. ನಾನು ಡಬ್ಬಿ ತೋರಿಸಿದೆ, ಬೀಗರ ಮನೆಯ ಚಹಾದಿಂದ ಹಿಡಿದು ಅಂಬೆಗಾಲಿನವರೆಗೆ ಎಲ್ಲ ಹೇಳಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಈರಣ್ಣ ನಗಲಿಲ್ಲ. ಒಮ್ಮೆ ಹಚ್ಚಿ ತೋರಿಸಿ ಎಂದ. ಹಚ್ಚಿದೆ. ಅವನು ಡಬ್ಬಿಯ ಮೇಲೆ ಅಂಗೈ ಇಟ್ಟು, ಇನ್ನೊಂದು ಅಂಗೈ ಗೋಡೆಯ ಮೇಲೆ ಇಟ್ಟು ನೋಡಿದ. "ಹೌದ್ರಿ, ಇದ. ಖರೇನ ಸಾಹೇಬ್ರ, ನಿಮ್ಮ ಕೈ ಇಷ್ಟು ಜೋರ ಇರಲಿಲ್ಲ. ಏನ ತಪ್ಪು ಮಾಡಿದೆ ಅಂತ ನಾ ದಿನಾ ವಿಚಾರ ಮಾಡತಿದ್ದೆ" ಎಂದ.

ಗಂಗವ್ವ ಬಗ್ಗಿ ನೋಡಿ, "ಇಷ್ಟ ಡಬ್ಬಿಗೆ ಅಂಜಿ ಮಗ್ಗ ನಿಲ್ಲಿಸಿದ್ಯಾ ನನ ಮಗನ?" ಎಂದಳು.

ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಆಮೇಲೆ ಈರಣ್ಣ ಕೇಳಿದ ಮಾತಿಗೆ. ಅವನು ಬಾಗಿಲವರೆಗೆ ಹೋಗಿ ತಿರುಗಿ ಬಂದು, ನಿಜವಾದ ಅಡಚಣೆಯನ್ನು ಹೇಳುವವನ ಹಾಗೆ, "ಮತ್ತ ಸಾಹೇಬ್ರ, ಇನ್ನ ಮ್ಯಾಲ ಡಬ್ಬಿ ಗುದ್ದು ಯಾವ್ದು, ನಿಮ್ಮ ಗುದ್ದು ಯಾವ್ದು ಅಂತ ನಮಗ ಹೆಂಗ ಗೊತ್ತಾಗಬೇಕ್ರಿ?" ಎಂದ. ಅವನಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಇಷ್ಟೆಲ್ಲ ಆದ ಮೇಲೂ ನನ್ನ ಗುದ್ದಿಗೆ ತಪ್ಪದೆ ಮಗ್ಗ ನಿಲ್ಲಿಸಲು ಅವನು ತಯಾರಿದ್ದ. ನಾನು ಡಬ್ಬಿಯ ವೈರು ಕಿತ್ತು ಸುತ್ತಿಟ್ಟೆ. "ನನ್ನ ಗುದ್ದು ಇನ್ನ ಬರೂದಿಲ್ಲ ಈರಣ್ಣ. ನೀ ಎಷ್ಟೊತ್ತಿಗೆ ಬೇಕಾದ್ರೂ ಮಗ್ಗ ಹೊಡಿ. ಸೀರಿ ಮುಗಿದ ಕೂಡಲೇ ನೀನ ಎರಡು ಗುದ್ದು ಗುದ್ದು, ನಾ ಬರತೇನಿ" ಎಂದೆ. ಸಾಹೇಬರ ಗೋಡೆಗೆ ತಾನು ಗುದ್ದುವುದು ಹೇಗೆ ಎಂದು ಅವನು ಬಹಳ ಸಂಕೋಚಪಟ್ಟ. ಕೊನೆಗೆ ಗಿರಿಜಾ ಹೇಳಿದ್ದಕ್ಕೆ ಒಪ್ಪಿದ.

ಕುಬಸದ ಹಿಂದಿನ ಸಂಜೆ ಬೀಗರು ವಿದ್ಯಾಳನ್ನು ಕರೆದುಕೊಂಡು ಬಂದಿಳಿದರು. ಆ ಕಡೆ ಮಗ್ಗ ಇನ್ನೂ ನಡೆದೇ ಇತ್ತು. ಬೀಗರು ಕಾಲು ತೊಳೆದು ಬಂದು ಸೋಫಾದ ಮೇಲೆ ಕೂತವರೇ ಡಬ್ಬಿ ನೋಡಿದರು. "ಹನ್ನೆರಡು ಇಂಚಿಂದ ತಂದೀರಲ್ಲರಿ ಬೀಗರ! ಹಚ್ರಿ ನೋಡೂಣು" ಎಂದರು. ವೈರು ಕಿತ್ತಿಟ್ಟ ಕಥೆಯನ್ನು ಅವರಿಗೆ ಯಾವ ಬಾಯಿಂದ ಹೇಳಲಿ? ಬರೀ ಟಿ.ವಿ. ಹಚ್ಚಿದೆ. ಯಾವುದೋ ಸಿನಿಮಾದಲ್ಲಿ ನಾಯಕ ನಾಯಕಿ ಮರದ ಕೆಳಗೆ ಮಾತಿಲ್ಲದೆ ನಿಂತಿದ್ದರು. ಡಬ್ಬಿಯ ಹಿಂದಿನ ಗೋಡೆಯಿಂದ ಧಡ್, ಧಡ್, ಧಡ್ ಎಂದು ತಪ್ಪದ ಲಯದಲ್ಲಿ ಬರುತ್ತಿತ್ತು. ಬೀಗರು ಕಣ್ಣು ಮುಚ್ಚಿ ತಲೆದೂಗಿದರು. "ಆಹಾ. ಹೀರೋನ ಎದಿ ಬಡಕೊಳ್ಳೂದು ನೋಡ್ರಿ, ಹೆಂಗ ಕೇಳತೈತಿ. ನಮ್ಮದರಾಗ ಇಷ್ಟು ಸ್ವಚ್ಛ ಬರೂದಿಲ್ಲ. ಹೆಂಗ ಇಟ್ಟೀರಿ ಇದನ್ನ?"

ನಾನು ನಿಜ ಹೇಳಬಹುದಿತ್ತು. ಗಿರಿಜಾ ಅಡುಗೆಮನೆಯ ಬಾಗಿಲಿನಿಂದ ನನ್ನ ಕಿವಿಗಳನ್ನೇ ನೋಡುತ್ತಿದ್ದಳು. "ಎಲ್ಲಾ ಜಾಗಾದ ಮಹಿಮಾರಿ" ಎಂದೆ. ಬೀಗರು ಡಬ್ಬಿಯ ಹಿಂದೆ ಬಗ್ಗಿ ನೋಡಬೇಕೆಂದು ಎದ್ದರು. ಅಲ್ಲಿ ಸುತ್ತಿಟ್ಟ ವೈರು ಇತ್ತು. ನಾನು ಅವರ ಕೈಗೆ ಅವಸರದಲ್ಲಿ ಚಹಾದ ಕಪ್ಪು ಹಿಡಿಸಿದೆ. ವಿದ್ಯಾಳಿಗೆ ಮಾತ್ರ ಎಲ್ಲ ತಿಳಿದಿತ್ತು, ಅವಳಿಗೆ ಆ ಸಪ್ಪಳವನ್ನು ಯಾರೂ ಪರಿಚಯ ಮಾಡಿಸಬೇಕಿರಲಿಲ್ಲ. ನನ್ನ ಕಡೆ ನೋಡಿ ತುಟಿಯಲ್ಲೇ ನಕ್ಕು, ಡಬ್ಬಿಯ ಪಕ್ಕದಲ್ಲಿ ಗೋಡೆಗೆ ತಲೆ ಆನಿಸಿ ಕೂತಳು. ಸ್ವಲ್ಪ ಹೊತ್ತಿಗೆ ಹಾಗೆಯೇ ನಿದ್ದೆ ಹೋದಳು.

ಸಿನಿಮಾದಲ್ಲಿ ಈಗ ಜಗಳ ಶುರುವಾಗಿತ್ತು. ನಾಯಕ ಕೈ ಎತ್ತಿ ಹೊಡೆಯುವ ಹೊತ್ತಿಗೆ ಸರಿಯಾಗಿ ಧಡ್ ಧಡ್ ಎಂಬುದು ನಿಂತುಬಿಟ್ಟಿತು. ಖಳನಾಯಕ ಸಪ್ಪಳವಿಲ್ಲದೆ ಬಿದ್ದ. ಬೀಗರು ಕಣ್ಣು ತೆರೆದು, "ಯಾಕ್ರೀ, ಏನಾತು?" ಎಂದರು. ಆಮೇಲೆ ಗೋಡೆಗೆ ಎರಡು ಗುದ್ದು ಬಿದ್ದವು. ತೀರ ಮೆತ್ತಗೆ, ಮಲಗಿದವರನ್ನು ಎಬ್ಬಿಸಬಾರದೆಂಬ ಹಾಗೆ. ನಾನು ಎಂದೂ ಅಷ್ಟು ಮೆತ್ತಗೆ ಗುದ್ದಿರಲಿಲ್ಲ.

"ಯಾರ್ರೀ ಅದು ಗ್ವಾಡಿಗೆ ಗುದ್ದೋದು?" ಎಂದರು ಬೀಗರು.

ನಾನು ರಿಮೋಟು ಕೆಳಗಿಟ್ಟು, ಸೋಫಾದ ಅಂಚಿಗೆ ಅಂಗೈ ಊರಿ ಮೇಲೆದ್ದೆ.

"ನಮ್ಮ ಸಾಹೇಬ್ರು ಕರ್ಯಾಕತ್ತಾರ್ರಿ" ಎಂದು ಹೇಳಿ ಚಪ್ಪಲಿ ಹುಡುಕಿದೆ.